ಎಲ್ಲಿಗೆ ಟೀಚರೇ?

ನಮ್ಮೂರಲ್ಲಿ ದೊಡ್ಡವರು ಓಡುತ್ತಿದ್ದಾರೆ ಅಂದ್ರೆ ಎಲ್ಲೋ ಏನೋ ಆಗಿದೆ ಅಂತಲೇ ಲೆಕ್ಕ. ಮಕ್ಕಳು ಓಡಬಹುದು. ಬಸ್ಸು ಹೊರಟು ನಿಂತಿದ್ದರೆ ಯಾರು ಬೇಕಾದರೂ ಓಡಬಹುದು. ಅದು ಬಿಟ್ಟು, ಬೆಳಿಗ್ಗೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ನೀರ್ಚಾಲಿನಿಂದ ಸೀತಾಂಗೋಳಿ ಕಡೆಗೆ ಒಬ್ಬ ಹೆಂಗಸು, ಅದೂ ಶಾಲೆಯ ಟೀಚರ್, ಬೆವರಿಳಿಸಿಕೊಂಡು ಓಡುತ್ತಿದ್ದರೆ ಹಾಲಿನ ಕ್ಯಾನು ಕಟ್ಟಿದ ಬೈಕು ಪಕ್ಕಕ್ಕೆ ಬಂದು ನಿಲ್ಲುತ್ತದೆ. "ಎಂತಾಯ್ತು ಟೀಚರೇ? ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ? ಹತ್ತಿ, ಬಿಡ್ತೇನೆ." ಕೇಳುವವರ ಮುಖದಲ್ಲಿ ನಿಜವಾದ ಗಾಬರಿ ಇರುತ್ತದೆ. ಎಂತ ಇಲ್ಲ, ಸುಮ್ನೆ ಓಡ್ತಾ ಇದ್ದೇನೆ ಅಂದರೆ ಗಾಬರಿ ಹೋಗಿ ಗೊಂದಲ ಬರುತ್ತದೆ. "ಸುಮ್ನೆಯಾ? ಎಲ್ಲಿಗೆ?"

ಈ ಪ್ರಶ್ನೆಗೆ ನನ್ನ ಹತ್ತಿರ ತುಂಬಾ ದಿನ ಉತ್ತರ ಇರಲಿಲ್ಲ. ಎಲ್ಲಿಗೂ ಅಲ್ಲ, ಅಷ್ಟು ದೂರ ಹೋಗಿ ತಿರುಗಿ ಬರುವುದು, ಆರೋಗ್ಯಕ್ಕೆ ಅಂತ ಏನೋ ಹೇಳುತ್ತಿದ್ದೆ. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಆದರೆ ಏಳುವುದಕ್ಕೆ ಮನಸ್ಸಿಲ್ಲದ ಬೆಳಗುಗಳಲ್ಲಿ, ಅಲಾರಂ ನಿಲ್ಲಿಸಿ ಕತ್ತಲಲ್ಲಿ ಮಲಗಿದ್ದಾಗ, ನನ್ನೊಳಗಿನಿಂದಲೂ ಅದೇ ಪ್ರಶ್ನೆ ಏಳುತ್ತಿತ್ತು. ಈಗ ಎದ್ದು ಹೋಗುವುದು ಎಲ್ಲಿಗೆ? ಎಲ್ಲಿಗೂ ಅಲ್ಲ ಅನ್ನುವ ಉತ್ತರ ಆ ಹಾಲಿನ ಅಣ್ಣನಿಗೆ ಸಾಕಾಗದ ಹಾಗೆ ನನಗೂ ಸಾಕಾಗುತ್ತಿರಲಿಲ್ಲ. ಓಡುವ ಉಮೇದು ಹೇಗೆ ಉಳಿಸಿಕೊಳ್ಳುವುದು ಅಂತ ಬರೆದದ್ದನ್ನೆಲ್ಲ ಹುಡುಕಿ ಓದಿದ್ದೇನೆ, ವಿಡಿಯೋ ನೋಡಿದ್ದೇನೆ. ಕೊನೆಗೆ ನನಗೆ ದಾರಿ ತೋರಿಸಿದ್ದು ಊರಿನವರ ಈ ಒಂದು ಪ್ರಶ್ನೆ. ಅದು ಹೇಗೆ ಅಂತ ನಿಧಾನಕ್ಕೆ ಹೇಳುತ್ತೇನೆ.

ಹೆದರಿಕೆ ಎಷ್ಟು ದಿನ ಎಬ್ಬಿಸುತ್ತದೆ

ನಾನು ಶುರು ಮಾಡಿದ್ದು ಹೆದರಿಕೆಯಿಂದ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಪ್ಪನ ಅಣ್ಣನಿಗೂ. ನಮ್ಮ ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗ ಸಕ್ಕರೆ ಹಾಕದ ಲೋಟಗಳೇ ಜಾಸ್ತಿ. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದಲ್ಲಿ ಕೇರಳದ ವಯಸ್ಕರಲ್ಲಿ ಶೇಕಡಾ 25.5 ಮಂದಿಗೆ ಸಕ್ಕರೆ ಕಾಯಿಲೆ ಇದೆ ಅಂತ ಇತ್ತು. ನಾಲ್ಕರಲ್ಲಿ ಒಬ್ಬರು. ಗೋವಾ, ಪುದುಚೇರಿ ಬಿಟ್ಟರೆ ದೇಶದಲ್ಲಿ ನಾವೇ ಮುಂದೆ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ರಸ್ತೆಗಿಳಿದೆ.

ಆದರೆ ಹೆದರಿಕೆ ಒಂದು ಲ್ಯಾಬ್ ರಿಪೋರ್ಟಿನಿಂದ ಇನ್ನೊಂದು ಲ್ಯಾಬ್ ರಿಪೋರ್ಟಿನ ತನಕ ಮಾತ್ರ. ರಿಪೋರ್ಟು ಚೆನ್ನಾಗಿ ಬಂತೋ, ಬೆಳಗಿನ ನಿದ್ದೆ ಮತ್ತೆ ಸಿಹಿಯಾಗುತ್ತದೆ. ಹೆದರಿಕೆಗೆ ನಮ್ಮನ್ನು ಮನೆಯಿಂದ ಹೊರಗೆ ಹಾಕುವ ಶಕ್ತಿ ಇದೆ, ಹೊರಗೇ ಇರಿಸುವ ಶಕ್ತಿ ಇಲ್ಲ. ಇದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಡಾಕ್ಟರು ಗದರಿಸಿದ ವಾರ ಬದಿಯಡ್ಕ ಪೇಟೆಯ ಸುತ್ತ ಕೈ ಬೀಸಿಕೊಂಡು ನಡೆಯುವವರು ಮುಂದಿನ ತಿಂಗಳು ಕಾಣುವುದಿಲ್ಲ.

ಮನೆಯಲ್ಲಿ ಅತ್ತೆ ಕೇಳುವುದು ಬೇರೆ. "ತೋಟಕ್ಕೆ ಇಳಿದ್ರೆ ಸಾಕಲ್ಲ ಮಗಾ, ಮೈ ಬೆವರುದಿಲ್ವಾ?" ಇದು ತಳ್ಳಿಹಾಕುವ ಮಾತಲ್ಲ. ಅತ್ತೆ ಸೊಪ್ಪಿನ ಹೊರೆ ಹೊತ್ತವರು, ಗುಡ್ಡದ ಸುರಂಗದಿಂದ ಬರುವ ನೀರನ್ನು ಕೊಡದಲ್ಲಿ ಹೊತ್ತು ಮೇಲೆ ತಂದವರು, ಮದುವೆಮುಂಜಿಗೆ ಗುಡ್ಡೆ ಹತ್ತಿ ಇಳಿದು ನಡೆದೇ ಹೋದವರು. ಎಪ್ಪತ್ತು ದಾಟಿದ ಮೇಲೂ ಅವರ ಬೆನ್ನು ಬಾಗಿಲ್ಲ. ಆದರೆ ಅವರು ಮಾಡಿದ ಕೆಲಸ ಈಗ ತೋಟದಲ್ಲಿ ಉಳಿದಿಲ್ಲ. ನೀರಿಗೆ ಪಂಪು ಬಂತು, ಹುಲ್ಲಿಗೆ ಮೆಷಿನ್ ಬಂತು, ಅಡಿಕೆ ಕೊಯ್ಯಲು, ಮದ್ದು ಬಿಡಲು ಕೆಳಗೇ ನಿಂತು ಹಿಡಿಯುವ ಫೈಬರ್ ದೋಟಿ ಬಂತು. ಬಂದದ್ದು ಒಳ್ಳೆಯದೇ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆ ನೋಡಿದವರಿಗೆ ಅದು ಗೊತ್ತು. ಆದರೆ ನನ್ನ ದಿನ ನಡೆಯುವುದು ಕ್ಲಾಸ್ ರೂಮಿಗೂ ಸ್ಟಾಫ್ ರೂಮಿಗೂ ಮಧ್ಯೆ. ವಾರಕ್ಕೆ 150ರಿಂದ 300 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅತ್ತೆಗೆ ಅದು ಒಂದೇ ದಿನದಲ್ಲಿ ಆಗುತ್ತಿತ್ತೋ ಏನೋ. ನಾನು ಅದನ್ನು ಹುಡುಕಿಕೊಂಡು ಹೊರಗೆ ಹೋಗಬೇಕು.

ರೇಸು ಮುಗಿದ ಮೇಲಿನ ವಾರಗಳು

ಹೆದರಿಕೆ ಸಾಕಾಗದಾಗ ಎಲ್ಲರೂ ಹೇಳುವುದು, ಒಂದು ಗುರಿ ಇಟ್ಟುಕೊಳ್ಳಿ, ರೇಸಿಗೆ ಹೆಸರು ಕೊಡಿ ಅಂತ. ನಾನೂ ಕೊಟ್ಟೆ. ಶ್ರೀರಂಗಪಟ್ಟಣದ ಹತ್ತಿರ ಕಾಲುವೆ ಬದಿಯ ಮಣ್ಣಿನ ದಾರಿಯಲ್ಲಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್, ಅದರಲ್ಲಿ ಅರ್ಧ ದೂರ, 21.1 ಕಿಲೋಮೀಟರ್. ತಿಂಗಳುಗಟ್ಟಲೆ ಆ ತಾರೀಕು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತಾಗಿ ಕೂತಿತ್ತು. ಅದನ್ನು ನೋಡಿದಾಗಲೆಲ್ಲ ಕಾಲಿಗೆ ಶಕ್ತಿ ಬರುತ್ತಿತ್ತು, ಸುಳ್ಳಲ್ಲ. ಸುಳ್ಯ, ಮಡಿಕೇರಿ ದಾಟಿ ಮೈಸೂರು ಸೇರಿ, ಮರುದಿನ ಬೆಳಿಗ್ಗೆ ಕಾಲುವೆ ದಂಡೆಯಲ್ಲಿ ನಿಂತಾಗ ಅಲ್ಲಿನ ಗಾಳಿಯೇ ಅರ್ಧ ಕೆಲಸ ಮಾಡಿಬಿಟ್ಟಿತು. ನಮ್ಮ ಕರಾವಳಿಯ ಜಿಗುಟು ಸೆಕೆಯಲ್ಲಿ ತಯಾರಾದ ಮೈಗೆ ಆ ತಂಪು ಒಂದು ಉಡುಗೊರೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಮುಂದೆ ಸಪಾಟು ದಾರಿ. ನಮ್ಮ ಕಡೆ ಅಷ್ಟು ಸಪಾಟಾದ ದಾರಿ ಬೇಕು ಅಂದರೆ ಸಮುದ್ರದ ಬದಿಗೇ ಹೋಗಬೇಕು.

ಕಷ್ಟ ಬಂದದ್ದು ಆಮೇಲೆ. ಊರಿಗೆ ಬಂದು ಮೆಡಲನ್ನು ಗೋಡೆಗೆ ಸಿಕ್ಕಿಸಿದೆ. ಮಕ್ಕಳೆಲ್ಲ ಮುಟ್ಟಿ ನೋಡಿದರು. ಮುಂದಿನ ವಾರ ಏಳಲಿಲ್ಲ. ವಿಶ್ರಾಂತಿ ಬೇಕು ಅಂದುಕೊಂಡೆ, ಬೇಕಿತ್ತು ಕೂಡ. ಅದರ ಮುಂದಿನ ವಾರವೂ ಏಳಲಿಲ್ಲ. ಕ್ಯಾಲೆಂಡರಿನ ಆ ಕೆಂಪು ಗುರುತು ಹಿಂದಕ್ಕೆ ಹೋಗಿತ್ತು, ಮುಂದೆ ಏನೂ ಇರಲಿಲ್ಲ. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಓಡುವ ಗೆಳತಿಯರನ್ನು ಕೇಳಿದರೆ ಅವರದ್ದೂ ಇದೇ ಕತೆ. ಅವರಲ್ಲಿ ಕೆಲವರು ಒಂದು ರೇಸು ಮುಗಿಯುವ ಮೊದಲೇ ಇನ್ನೊಂದಕ್ಕೆ ದುಡ್ಡು ಕಟ್ಟಿಬಿಡುತ್ತಾರೆ. ಅವರಿಗೆ ಅದು ಸರಿ ಇರಬಹುದು. ನೀರ್ಚಾಲಿನಂಥ ಊರಿನಲ್ಲಿ ಕೂತು, ಶಾಲೆ, ಪರೀಕ್ಷೆ, ಮನೆಯ ಪೂಜೆ, ಅಡಿಕೆ ಕೊಯ್ಲು ಎಲ್ಲದರ ನಡುವೆ ಪ್ರತಿ ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ರೇಸಿಗೆ ಹೋಗಲು ನನಗೆ ಆಗುವುದಿಲ್ಲ. ನನಗೆ ಬೇಕಿದ್ದದ್ದು ಮುಗಿಯದೆ ಉಳಿಯುವಂಥದ್ದು, ಮನೆ ಬಾಗಿಲಿನಿಂದಲೇ ಶುರುವಾಗುವಂಥದ್ದು.

ಚಿಕ್ಕಮ್ಮನ ಮನೆಗೆ

ಒಂದು ಶನಿವಾರ ಸಂಜೆ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮನೆ ನಾಯ್ಕಾಪಿನಿಂದ ಅನಂತಪುರಕ್ಕೆ ಹೋಗುವ ದಾರಿಯಲ್ಲಿ. ಕಾಲುನೋವು, ಎಲ್ಲಿಗೂ ಹೋಗಲಾಗುತ್ತಿಲ್ಲ, ನೀನಾದರೂ ಬಂದು ಹೋಗು ಅಂದರು. "ನಾಳೆ ಬೆಳಿಗ್ಗೆ ಬರ್ತೇನೆ ಚಿಕ್ಕಮ್ಮ" ಅಂದೆ. ಫೋನ್ ಇಟ್ಟ ಮೇಲೆ ತಲೆಗೆ ಹೊಳೆಯಿತು. ಓಡಿಕೊಂಡೇ ಹೋದರೆ?

ಭಾನುವಾರ ಬೆಳಿಗ್ಗೆ ನಾನಾಗಿಯೇ ಎದ್ದೆ. ಅಲಾರಂ ಹೊಡೆಯುವ ಮೊದಲು. ಒಂದು ಸಣ್ಣ ಬೆನ್ನುಚೀಲದಲ್ಲಿ ಒಣಗಿದ ಬಟ್ಟೆ, ಬಸ್ಸಿಗೆ ದುಡ್ಡು, ಚಿಕ್ಕಮ್ಮನಿಗೆ ಅಂತ ಮನೆಯ ಕಾಳುಮೆಣಸು ಒಂದು ಪೊಟ್ಟಣ. ಕಟ್ಟತ್ತಡ್ಕದ ಚಡವು ಹತ್ತುವಾಗ ಬೆಳಕು ಹರಿಯಿತು. ಸೀತಾಂಗೋಳಿಯಲ್ಲಿ ಎಚ್‌ಎಎಲ್ ಕಾರ್ಖಾನೆ ಕಡೆಗೆ ಹೋಗುವವರು ಚಹಾದ ಅಂಗಡಿ ಮುಂದೆ ನಿಂತಿದ್ದರು. ಅಲ್ಲಿಂದ ಮುಂದೆ ಇಳಿಜಾರು ಜಾಸ್ತಿ, ಸಮುದ್ರದ ಕಡೆಯ ಗಾಳಿ ಎದೆಗೆ ಬಡಿಯುತ್ತದೆ. ದಾರಿಯಲ್ಲಿ ಯಾರೋ ಕೇಳಿದರು, ಎಲ್ಲಿಗೆ ಟೀಚರೇ? "ನಾಯ್ಕಾಪಿಗೆ, ಚಿಕ್ಕಮ್ಮನ ಮನೆಗೆ." "ಹೌದಾ, ಹೋಗಿ ಬನ್ನಿ." ಅಷ್ಟೇ. ಗೊಂದಲ ಇಲ್ಲ, ತಲೆಯಾಡಿಸುವುದಿಲ್ಲ. ಓಡಿಕೊಂಡು ಹೋಗುವುದು ಯಾಕೆ ಅಂತ ಕೂಡ ಕೇಳಲಿಲ್ಲ. ಹೋಗುವ ಜಾಗ ಒಂದಿದ್ದರೆ ಹೇಗೆ ಹೋಗುವುದು ಅನ್ನುವುದು ನಮ್ಮ ಊರಿನವರಿಗೆ ದೊಡ್ಡ ವಿಷಯವೇ ಅಲ್ಲ.

ಚಿಕ್ಕಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿದವರೇ ಎದ್ದು ಒಳಗೆ ಹೋದರು, ಕಾಲುನೋವು ಅಂದವರು. ಒಂದು ಚೊಂಬು ಬಾವಿ ನೀರು, ತಟ್ಟೆಯಲ್ಲಿ ಒಂದು ದೊಡ್ಡ ಉಂಡೆ ಬೆಲ್ಲ. "ಮೊದಲು ಆಸರಿಗೆ ಕುಡಿ, ಆಮೇಲೆ ಮಾತು." ಬೆಲ್ಲ ಕಚ್ಚಿ ನೀರು ಕುಡಿದೆ. ಅಷ್ಟು ದೂರ ಓಡಿ ಖಾಲಿಯಾದ ಮೈಗೆ ಬೇಕಾದ ಸಕ್ಕರೆ, ನೀರು ಎರಡೂ ಅದರಲ್ಲಿ ಇತ್ತು. ಆಮೇಲೆ ನೀರುದೋಸೆ, ಅದರ ಜೊತೆ ಉಪ್ಪು ಖಾರದ ಚಟ್ನಿ. ಬೆವರಲ್ಲಿ ಹೋದ ಉಪ್ಪು ಅಲ್ಲಿ ತುಂಬಿತು. ಚಿಕ್ಕಮ್ಮ ಎರಡು ಗಂಟೆ ಮಾತಾಡಿದರು. ಹಳೆಯ ಕತೆ, ಅಮ್ಮನ ಕತೆ, ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆಗೆ ಅವರು ಸಣ್ಣವರಿದ್ದಾಗ ನೈವೇದ್ಯದ ಅನ್ನ ಕೊಡುವುದನ್ನು ನೋಡಲು ಹೋಗುತ್ತಿದ್ದ ಕತೆ, 2022ರಲ್ಲಿ ಅದು ಸತ್ತ ದಿನ ಊರಿಗೆ ಊರೇ ಅಲ್ಲಿ ಸೇರಿದ್ದ ಕತೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯಿಂದ ನಾನು ಓಡಿದ ರಸ್ತೆಯೇ ಹಿಂದಕ್ಕೆ ಹೋಗುತ್ತಿತ್ತು. ಇಷ್ಟು ದೂರ ನಾನು ಕಾಲಿನಲ್ಲಿ ಬಂದೆನಾ ಅಂತ ಮತ್ತೆ ಮತ್ತೆ ನೋಡಿದೆ. ವಾಚಿನಲ್ಲಿ ಕಿಲೋಮೀಟರ್ ನೋಡಿದಾಗ ಯಾವತ್ತೂ ಹಾಗೆ ಅನಿಸಿರಲಿಲ್ಲ.

ಅಂದಿನಿಂದ ನನ್ನ ಭಾನುವಾರದ ಉದ್ದ ಓಟಕ್ಕೆ ಯಾವಾಗಲೂ ಒಂದು ಊರು ಇರುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವುದು, ಬಸ್ಸಿನಲ್ಲಿ ಬರುವುದು. ಕುಂಬಳೆ, ಮುಳ್ಳೇರಿಯ, ಪೆರ್ಲ, ಮಧೂರು. ಹೋದ ಜಾಗದಲ್ಲಿ ಒಂದು ಕೆಲಸ, ಇಲ್ಲದಿದ್ದರೆ ಒಬ್ಬರು ಮನುಷ್ಯರು. ಹಳೆಯ ಶಿಷ್ಯೆಯ ಮನೆ, ನೆಂಟರ ಮನೆ, ದೇವಸ್ಥಾನ, ಟೈಲರಿಗೆ ಕೊಟ್ಟ ಬ್ಲೌಸು. ಚೆರ್ಕಳ-ಕಲ್ಲಡ್ಕ ರಸ್ತೆ ಹಿಡಿದು ಪೆರ್ಲ, ಅಡ್ಕಸ್ಥಳ ದಾಟಿ ಸಾರಡ್ಕದಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಬೆಳಗನ್ನು ನಾನು ಮರೆಯುವುದಿಲ್ಲ. ಮಲಯಾಳದ ಬೋರ್ಡುಗಳು ಮುಗಿದು ಬರೀ ಕನ್ನಡದ ಬೋರ್ಡುಗಳು ಶುರುವಾಗುವ ಜಾಗ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ ನಮ್ಮಂಥವರು ಆಗ ಅನುಭವಿಸಿದ್ದು ನಮಗೇ ಗೊತ್ತು. ಅಂಥ ಗಡಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಸ್ವಂತ ಕಾಲಿನಲ್ಲಿ ದಾಟಿ, ಅಡ್ಯನಡ್ಕದಲ್ಲಿ ಅತ್ತಿಗೆಯ ಮನೆಯ ಚಹಾ ಕುಡಿದೆ. ಆ ಓಟಕ್ಕೆ ಮೆಡಲು ಇಲ್ಲ. ಆದರೆ ಮರುದಿನವೇ ಮುಂದಿನ ಭಾನುವಾರ ಎಲ್ಲಿಗೆ ಅಂತ ಮನಸ್ಸು ಯೋಚಿಸುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಂಗಸು ರಸ್ತೆಯಲ್ಲಿ ಕಾಣಿಸಿಕೊಳ್ಳಲು ಒಂದು ಕೆಲಸ ಬೇಕು, ಕೆಲಸ ಇದ್ದರೆ ಯಾರೂ ಕೇಳುವುದಿಲ್ಲ, ಇಲ್ಲದಿದ್ದರೆ ಕೇಳುತ್ತಾರೆ. ಇದು ನನಗೆ ಗೊತ್ತು, ಸಿಟ್ಟೂ ಇದೆ. ನಮ್ಮನೆಯವರು ಸಂಜೆ ಪೇಟೆಯಲ್ಲಿ ಸುಮ್ನೆ ಒಂದು ಗಂಟೆ ನಿಂತು ಬಂದರೆ ಯಾರೂ ಎಲ್ಲಿಗೆ ಅಂತ ಕೇಳುವುದಿಲ್ಲ. ಗೆಳತಿಯೊಬ್ಬಳು ಹೇಳಿದಳು, ನೀನು ಚಿಕ್ಕಮ್ಮನ ಮನೆ, ಟೈಲರು ಅಂತ ನೆಪ ಕೊಟ್ಟು ಅವರ ಪ್ರಶ್ನೆಯನ್ನೇ ಒಪ್ಪಿಕೊಂಡ ಹಾಗಾಯಿತಲ್ಲ ಅಂತ. ಅವಳ ಮಾತಿನಲ್ಲಿ ಸತ್ಯ ಇದೆ. ಆದರೆ ನನಗೆ ಅದು ನೆಪವಾಗಿ ಉಳಿಯಲಿಲ್ಲ. ಚಿಕ್ಕಮ್ಮನ ಜೊತೆ ಅಷ್ಟು ಹೊತ್ತು ಕೂತು ಮಾತಾಡಿ ವರ್ಷಗಳೇ ಆಗಿದ್ದವು. ಓಟ ಇಲ್ಲದಿದ್ದರೆ ಆ ಭೇಟಿ ಆಗುತ್ತಿರಲಿಲ್ಲ, ಆ ಭೇಟಿ ಇಲ್ಲದಿದ್ದರೆ ಓಟವೂ ನಿಂತೇ ಹೋಗುತ್ತಿತ್ತು. ಮತ್ತೆ, ಇಷ್ಟು ಕಾಲ ನೋಡಿ ನೋಡಿ ಊರಿಗೂ ಅಭ್ಯಾಸ ಆಗಿದೆ. ಈಗ ವಾರದ ಮಧ್ಯದ ಸಣ್ಣ ಓಟಗಳಲ್ಲಿ, ಎಲ್ಲಿಗೂ ಹೋಗದೆ ಸುಮ್ನೆ ಓಡುವಾಗ, ಯಾರೂ ಬೈಕು ನಿಲ್ಲಿಸುವುದಿಲ್ಲ.

ಮಾತಾಡುವಷ್ಟು ಉಸಿರು

ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತನ್ನ ಓಟಗಾರರನ್ನು ಭಾನುವಾರ ಆಕ್ಲೆಂಡಿನ ಪಕ್ಕದ ವೈಟಾಕೆರೆ ಗುಡ್ಡಗಳಲ್ಲಿ ಒಂದು ಸುತ್ತು ಓಡಿಸುತ್ತಿದ್ದರು. 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್. ಪೀಟರ್ ಸ್ನೆಲ್ ಕೂಡ ಅದರಲ್ಲಿ ಇದ್ದರು. ಸ್ನೆಲ್ ಓಡುತ್ತಿದ್ದದ್ದು 800 ಮೀಟರ್! 1960ರ ರೋಮ್ ಒಲಿಂಪಿಕ್ಸಿನಲ್ಲಿ ಅದರಲ್ಲಿ ಚಿನ್ನ, 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಎರಡು ಗಂಟೆಗೂ ಮೀರಿದ ಗುಡ್ಡದ ಓಟ ಅಡಿಪಾಯ. ಇದನ್ನು ಓದಿದಾಗ ನನಗೆ ಹಿಡಿಸಿದ್ದು ಬರೀ ಆ ದೂರ ಅಲ್ಲ. ಅದೇ ದಾರಿ, ಅದೇ ಗುಡ್ಡ, ಅದೇ ಜನ, ಪ್ರತಿ ಭಾನುವಾರ. ಇವತ್ತು ಹೋಗಬೇಕಾ ಬೇಡವಾ ಅಂತ ಯಾರೂ ಬೆಳಿಗ್ಗೆ ಕೂತು ಯೋಚಿಸಬೇಕಾಗಿರಲಿಲ್ಲ. ಆಮೇಲೆ 1960ರ ದಶಕದ ಆರಂಭದಲ್ಲಿ ಲಿಡಿಯಾರ್ಡ್ ಹೃದಯದ ತೊಂದರೆ ಇದ್ದ ನಡುವಯಸ್ಸಿನವರನ್ನೂ ಒಟ್ಟುಗೂಡಿಸಿ ಓಡಿಸಿದರು. ಅವರು ಓಡಿದ್ದು ನಿಧಾನ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನ.

ಈ ಮಾತಾಡುವ ವೇಗ ನಮ್ಮ ಕರಾವಳಿಗೆ ಇನ್ನೂ ಮುಖ್ಯ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ನಮ್ಮ ಗಾಳಿಯಲ್ಲೇ ನೀರು ತುಂಬಿದೆ, ಬೆವರು ಆರುವುದಿಲ್ಲ, ಇಳಿದು ಹೋಗುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೆ ಹರಿಯಬೇಕು, ಕಾಲಿಗೂ ಬೇಕು, ಹೃದಯಕ್ಕೆ ಎರಡು ಕೆಲಸ. ಅದಕ್ಕೇ ಬೆಂಗಳೂರಿನವರು ಹಾಕುವ ಸಮಯವನ್ನು ನೋಡಿ ಇಲ್ಲಿ ಓಡಿದರೆ ವಾರದೊಳಗೆ ಬೇಸರ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ವಾಚು ನೋಡುವುದಿಲ್ಲ. ಬಿಸಿಗೆ ಮೈ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಷ್ಟು ದಿನ ದೂರವನ್ನೂ ಕಡಿಮೆ ಮಾಡುತ್ತೇನೆ. ಹೊರಡುವ ಮೊದಲು ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಒಂದು ಲೋಟ. ಓಡಿ ಬಂದ ಮೇಲೆ ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿಯುವುದು ಒಳ್ಳೆಯದಲ್ಲ, ಉಪ್ಪು ಬೇಕು. ಉದ್ದ ಓಟವನ್ನು ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತೇನೆ, ನಾಲ್ಕನೇ ವಾರ ಬಂದಾಗ ಇಳಿಸುತ್ತೇನೆ. ಮೊಣಕಾಲು ನೋವು ಬಂದು ಮನೆಯಲ್ಲಿ ಕೂತವರಿಗೆ ಯಾವ ಉಮೇದೂ ಕೆಲಸಕ್ಕೆ ಬರುವುದಿಲ್ಲ ಅಲ್ವಾ.

ಮಳೆಯಲ್ಲಿ ಕಾಯುವವರು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಸೆಪ್ಟೆಂಬರಿನ ರೇಸಿಗೆ ತಯಾರಾಗುವುದು ಅಂದರೆ ಆ ಇಡೀ ಮಳೆಯೊಳಗೆ ತಯಾರಾಗುವುದು. ರಾತ್ರಿ ಮಲಗುವ ಮೊದಲು ಹವಾಮಾನ ಇಲಾಖೆಯ ಎಚ್ಚರಿಕೆ ನೋಡುತ್ತೇನೆ. ಹಳದಿ ಅಂದರೆ 64.5ರಿಂದ 115.5 ಮಿಲಿಮೀಟರ್ ಮಳೆ ಬರಬಹುದು ಅಂತ, ಹೋಗುತ್ತೇನೆ. ಕಿತ್ತಳೆ ಅಂದರೆ 204.4ರ ತನಕ, ಜಗಲಿಯಲ್ಲೇ ವ್ಯಾಯಾಮ. ಕೆಂಪಿಗೆ ಕಲೆಕ್ಟರ್ ಶಾಲೆಗೇ ರಜೆ ಕೊಡುತ್ತಾರೆ, ತೋಡು, ಸೇತುವೆ ದಾಟುವ ಯಾವ ಕೆಲಸವನ್ನೂ ಅಂದು ಮಾಡುವುದಿಲ್ಲ. ಸಿಡಿಲು ನಮ್ಮ ಕಡೆ ಏಪ್ರಿಲ್, ಮೇ ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ಜಾಸ್ತಿ, ಅದೂ ಮಧ್ಯಾಹ್ನದ ನಂತರ. ಆ ತಿಂಗಳುಗಳಲ್ಲಿ ಸಂಜೆ ಓಟ ಇಲ್ಲವೇ ಇಲ್ಲ. ನಮ್ಮ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬೋಳು ಬಯಲುಗಳಲ್ಲಿ, ಅಡಗಲು ಒಂದು ಮರವೂ ಇರುವುದಿಲ್ಲ, ಇದ್ದರೂ ಸಿಡಿಲಿನಲ್ಲಿ ಮರದಡಿ ನಿಲ್ಲಬಾರದು.

ಇಷ್ಟೆಲ್ಲ ಲೆಕ್ಕ ಇದ್ದರೂ, ಜುಲೈ ತಿಂಗಳ ಬೆಳಗಿನ ಜಾವ ಹೆಂಚಿನ ಮೇಲೆ ಮಳೆ ಸುರಿಯುವಾಗ ಹೊದಿಕೆ ಬಿಟ್ಟು ಏಳಿಸುವ ಲೆಕ್ಕ ಯಾವುದೂ ಇಲ್ಲ. ನನ್ನನ್ನು ಏಳಿಸುವುದು ನಮ್ಮ ಶಾಲೆಯ ಅರಬಿಕ್ ಟೀಚರ್. ಅವರು ಓಡುವುದಿಲ್ಲ, ನಡೆಯುತ್ತಾರೆ. ರಕ್ತದೊತ್ತಡಕ್ಕೆ ಡಾಕ್ಟರು ನಡೆಯಲು ಹೇಳಿದ್ದರು, ಒಬ್ಬರೇ ಹೋಗಲು ಮನೆಯಲ್ಲಿ ಬಿಡುತ್ತಿರಲಿಲ್ಲ. ನೀವು ಓಡುವಾಗ ನಾನೂ ಅದೇ ರಸ್ತೆಯಲ್ಲಿ ಇದ್ದರೆ ಆಯ್ತಲ್ಲ ಟೀಚರ್ ಅಂತ ಅವರೇ ಕೇಳಿದರು. ಅಂದಿನಿಂದ ವಾರದ ಕೆಲವು ಬೆಳಗು ನಮ್ಮಿಬ್ಬರದ್ದು. ನಾನು ಮುಂದೆ ಓಡಿ ಹೋಗಿ ತಿರುಗಿ ಬರುತ್ತೇನೆ, ಅವರನ್ನು ದಾಟುತ್ತೇನೆ, ಮತ್ತೆ ತಿರುಗುತ್ತೇನೆ. ದಾಟುವಾಗಲೆಲ್ಲ ಅರ್ಧ ವಾಕ್ಯ ಮಾತು, ಉಳಿದರ್ಧ ಮುಂದಿನ ಸಲ.

ಒಂದು ಬೆಳಿಗ್ಗೆ ಗಾಳಿ ಮಳೆ ಎರಡೂ. ಅವರು ಖಂಡಿತ ಬರುವುದಿಲ್ಲ ಅಂದುಕೊಂಡೆ. ಆದರೆ ಅವರ ಫೋನು ಬಂದಿರಲಿಲ್ಲ. ಅಕಸ್ಮಾತ್ ಬಂದು ನಿಂತಿದ್ದರೆ? ಆ ಒಂದು ಸಂಶಯ ನನ್ನನ್ನು ಬಾಗಿಲಿಗೆ ತಂದಿತು. ಬಸ್ ಸ್ಟಾಪಿನ ಒಳಗೆ ಅವರು ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮಡಚಿ ಹಿಡಿದ ಪರ್ದಾದ ಅಂಚು, ಕಾಲಲ್ಲಿ ಮಗನ ಹಳೆಯ ಪ್ಲಾಸ್ಟಿಕ್ ಚಪ್ಪಲಿ. "ನೀವು ಬರುದಿಲ್ಲ ಅಂತ ಗ್ರಹಿಸಿದ್ದೆ ಟೀಚರ್, ಆದ್ರೆ ಅಕಸ್ಮಾತ್ ಬಂದ್ರೆ ನೀವೊಬ್ರೇ ಆಗ್ತೀರಲ್ಲ" ಅಂದರು. ನಾವು ಅಂದು ಓಡಲೂ ಇಲ್ಲ, ಅಷ್ಟೇನೂ ನಡೆಯಲೂ ಇಲ್ಲ. ಕೊಡೆ ಹಿಡಿದು ಒಟ್ಟಿಗೆ ಪದವಿನ ತನಕ ಹೋಗಿ ಬಂದೆವು. ಮುರಕಲ್ಲಿನ ಗುಂಡಿಗಳಲ್ಲೆಲ್ಲ ನೀರು ನಿಂತು, ಹುಲ್ಲಿನ ನಡುವೆ ಪುಟ್ಟ ಪುಟ್ಟ ಗಿಡಗಳು ಎದ್ದಿದ್ದವು. ಓಣಂ ಹತ್ತಿರ ಬಂದಾಗ ಇಲ್ಲೇ ನೀಲಿ ಕಾಕ್ಕಪ್ಪೂವು ಹಾಸಿದ ಹಾಗೆ ಅರಳುತ್ತದೆ, ಚಿಕ್ಕವರಿದ್ದಾಗ ಪೂಕಳಕ್ಕೆ, ಅಂದರೆ ಓಣಂ ಹೂವಿನ ರಂಗೋಲಿಗೆ, ಅದನ್ನು ಕೊಯ್ಯಲು ನೆರೆಮನೆಯ ಮಕ್ಕಳ ಜೊತೆ ಬರುತ್ತಿದ್ದೆ ಅಂತ ಅವರು ಹೇಳಿದರು. ಮಳೆಗಾಲದಲ್ಲಿ ಹೊರಗೆ ಹೋಗಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಟ್ರೆಡ್‌ಮಿಲ್ಲಿನ ಮೇಲೂ ಕಿಲೋಮೀಟರ್ ಆಗುತ್ತದೆ. ಆದರೆ ಅಲ್ಲಿ ಯಾರೂ ಕೊಡೆ ಹಿಡಿದು ಕಾಯುವುದಿಲ್ಲ.

ಒದ್ದೆ ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡು ಜೊತೆ ಇರಲಿ. ಬಂದ ಕೂಡಲೇ ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುಂಬಿ, ಬಚ್ಚಲಿನ ಒಲೆಯಿಂದ ಸ್ವಲ್ಪ ದೂರ ನೇತು ಹಾಕಿ. ಒಂದೆರಡು ಗಂಟೆ ಬಿಟ್ಟು ಪೇಪರ್ ಬದಲಿಸಿ. ಬೆಂಕಿಗೆ ತೀರಾ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಕಾಲಿನ ಬೆರಳ ಸಂದಿಗೆ ಹೊರಡುವ ಮೊದಲೇ ತೆಂಗಿನೆಣ್ಣೆ.

ನಾಯಿಗಳ ವಿಷಯಕ್ಕೆ ನನ್ನ ಹತ್ತಿರ ಜಾದೂ ಏನೂ ಇಲ್ಲ. ಬೊಗಳಿದರೆ ಓಟ ನಿಲ್ಲಿಸಿ ನಡೆಯುತ್ತೇನೆ, ಬೆನ್ನು ತೋರಿಸುವುದಿಲ್ಲ, ಕೈಯಲ್ಲಿ ಒಂದು ಸಣ್ಣ ಬೆತ್ತ ಇರುತ್ತದೆ. ಒಂದೇ ದಾರಿಯಲ್ಲಿ ಓಡಿದರೆ ಅಲ್ಲಿನ ನಾಯಿಗಳಿಗೆ ನಮ್ಮ ಗುರುತಾಗುತ್ತದೆ. ಕಚ್ಚಿದರೆ ಮಾತ್ರ ಅಲ್ಲೇ ಸಿಕ್ಕ ಮನೆಗೆ ಹೋಗಿ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಇಂಜೆಕ್ಷನ್ ತೆಗೆದುಕೊಳ್ಳಲೇಬೇಕು. ಇನ್ನು ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಮೂಡುವುದೇ ಏಳರ ಹತ್ತಿರ. ಆಗ ತಲೆಗೆ ಒಂದು ದೀಪ, ಬೆನ್ನಿಗೆ ಹೊಳೆಯುವ ಪಟ್ಟಿ, ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿ.

ಎಂಟನೇ ಕ್ಲಾಸಿನ ಹುಡುಗಿ

ಈ ವರ್ಷ ನನ್ನ ಕ್ಲಾಸಿನ ಒಬ್ಬಳು ಬಂದು ಕೇಳಿದಳು, ಉಪಜಿಲ್ಲಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಡಬೇಕು, ಟೀಚರ್ ಜೊತೆ ಬರಬಹುದಾ ಅಂತ. ನಮ್ಮ ಶಾಲೆಯ ಮೈದಾನ ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು. ಪಿ.ಟಿ. ಉಷಾ ಪಯ್ಯೋಳಿಯ ಕಡಲ ಮರಳಿನಲ್ಲಿ ಓಡಿ ತಯಾರಾಗಿ 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡ ಕತೆ ನಮ್ಮ ರಾಜ್ಯದ ಎಲ್ಲ ಮಕ್ಕಳಿಗೂ ಗೊತ್ತು, ಇವಳಿಗೂ ಗೊತ್ತು. ಒಳ್ಳೆಯ ಮೈದಾನ ಇಲ್ಲ ಅಂತ ಕಾಯುವ ಹುಡುಗಿ ಅಲ್ಲ ಇವಳು. ಅವಳ ಅಮ್ಮನ ಒಪ್ಪಿಗೆ ಕೇಳಲು ಮನೆಗೆ ಹೋದೆ. ಅಮ್ಮ ಬೀಡಿ ಕಟ್ಟುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ಬೆಳಿಗ್ಗೆ ಬೆಳಿಗ್ಗೆ ಹುಡುಗಿಯನ್ನು ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಟೀಚರ್?" ಅಂದರು.

ಬದಿಯಡ್ಕಕ್ಕೆ, ಅವಳ ಅಜ್ಜಿಯ ಮನೆಗೆ ಅಂದೆ. ಹೋಗುವಾಗ ಓಟ, ಬರುವಾಗ ಬಸ್ಸು. ಅಮ್ಮ ಸ್ವಲ್ಪ ಹೊತ್ತು ಬೀಡಿಯ ಎಲೆ ಕತ್ತರಿಸುತ್ತಾ ಯೋಚಿಸಿದರು. ಆಮೇಲೆ ಒಳಗೆ ಹೋಗಿ ಒಂದು ಡಬ್ಬ ತಂದರು. ಅಜ್ಜಿಗೆ ಹಲಸಿನ ಹಪ್ಪಳ ಕಳಿಸಬೇಕು ಅಂತ ಮಾಡಿಟ್ಟದ್ದು ಇತ್ತು, ಕೊಂಡು ಹೋಗುವವರು ಯಾರೂ ಸಿಕ್ಕಿರಲಿಲ್ಲವಂತೆ. ಭಾನುವಾರ ಆರು ಗಂಟೆಗೆ ಹೊರಡುವುದು ಅಂತ ಮಾತಾಗಿದೆ. ಡಬ್ಬ ನನ್ನ ಬೆನ್ನುಚೀಲದಲ್ಲಿ ಹಿಡಿಯುತ್ತದಾ, ಓಡುವಾಗ ಕುಲುಕಿ ಹಪ್ಪಳ ಮುರಿಯದ ಹಾಗೆ ಸುತ್ತ ಏನು ತುರುಕುವುದು ಅಂತ ಹುಡುಗಿ ಇವತ್ತು ಇಂಟರ್‌ವೆಲ್ಲಿನಲ್ಲಿ ಎರಡು ಸಲ ಬಂದು ಕೇಳಿದಳು. ಟವೆಲು ಸುತ್ತೋಣ ಅಂದಿದ್ದೇನೆ.